ಕಡಿಮೆ ಕತ್ತರಿಸಿದ ಸರ್ಜನ್

ಕಳೆದ ಆಷಾಢದಲ್ಲಿ ನಮ್ಮ ಚಿಕ್ಕಮ್ಮನ ಎಡಗಡೆ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಅಡಿಕೆಯಷ್ಟು ದೊಡ್ಡದು. ನೋವಿಲ್ಲ, ಕೆಂಪಾಗಿಲ್ಲ. ಸ್ನಾನ ಮಾಡುವಾಗ ಸೋಪು ಜಾರಿದ ಕೈಗೆ ತಾಗಿದ್ದು. ಚಿಕ್ಕಮ್ಮ ಇರೋದು ನಮ್ಮ ದೊಡ್ಡಬಳ್ಳಾಪುರದಲ್ಲೇ, ಮಗ್ಗದ ಸದ್ದು ಬೆಳಗಿನಿಂದ ರಾತ್ರಿವರೆಗೆ ನಿಲ್ಲದ ಬೀದಿಯಲ್ಲಿ. ಸೀರೆಗೆ ಕುಚ್ಚು ಹಾಕಿಕೊಡುತ್ತಾರೆ. ಬಯಾಪ್ಸಿ ಆಯಿತು, ಕ್ಯಾನ್ಸರ್ ಅಂತ ಗೊತ್ತಾಯಿತು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನೂ ಆಯಿತು. ಡಾಕ್ಟರು ಸ್ತನವನ್ನು ಪೂರ್ತಿ ತೆಗೆಯಲಿಲ್ಲ, ಗಂಟನ್ನಷ್ಟೇ ತೆಗೆದರು. ಎಲ್ಲರೂ ಉಸಿರು ಬಿಟ್ಟೆವು.

ಆಮೇಲೆ ಲ್ಯಾಬಿನ ರಿಪೋರ್ಟು ಬಂತು. ಅದರಲ್ಲಿ ಮಾರ್ಜಿನ್ ಪಾಸಿಟಿವ್ ಅಂತ ಬರೆದಿತ್ತು. ಇನ್ನೊಂದು ಸಲ ಒಳಗೆ ಹೋಗಿ ಸ್ವಲ್ಪ ತೆಗೆಯಬೇಕು ಅಂದರು.

ಮನೆಯಲ್ಲಿ ಪಂಚಾಯ್ತಿ ಶುರುವಾಯಿತು ನೋಡಿ! ಅರ್ಧಂಬರ್ಧ ಕೆಲಸ ಯಾಕೆ ಮಾಡಿದರು, ಮೊದಲೇ ಪೂರ್ತಿ ತೆಗೆದಿದ್ದರೆ ಆಗ್ತಿರಲಿಲ್ವಾ ಅಂತ ದೊಡ್ಡಮ್ಮ. ಈ ವಯಸ್ಸಲ್ಲಿ ಅದನ್ನ ಇಟ್ಟುಕೊಂಡು ಏನಾಗಬೇಕು ಅಂತ ಇನ್ಯಾರೋ. ಚಿಕ್ಕಪ್ಪ ಮಾತೇ ಆಡಲಿಲ್ಲ. ಚಿಕ್ಕಮ್ಮ ಅಡುಗೆಮನೆಯಿಂದ ಎಲ್ಲಾ ಕೇಳಿಸಿಕೊಳ್ಳುತ್ತಿದ್ದರು. ಓದಿದೋಳು ನೀನು, ನೀನೇ ಹೇಳು ಅಂತ ನನ್ನ ತಲೆಗೆ ಕಟ್ಟಿದರು. ಓದಿರೋದು ಬಿ.ಎ., ನಾನೇನು ಹೇಳಲಿ? ಆದರೂ ಕೂತು ಓದತೊಡಗಿದೆ. ಓದುತ್ತಾ ಹೋದಾಗ ಸಿಕ್ಕವರು ಕೇನ್ಸ್.

ಬಿ.ಎ.ನಲ್ಲಿ ಎಕನಾಮಿಕ್ಸ್ ತಗೊಂಡ ಗೆಳತಿಯರಿಗೆ ಈ ಹೆಸರು ಕೇಳಿದರೇ ಪರೀಕ್ಷೆ ನೆನಪಾಗಬಹುದು. ಅವರಲ್ಲ. ಅವರು ಅಣ್ಣ, ಜಾನ್ ಮೇನಾರ್ಡ್ ಕೇನ್ಸ್. ನಾನು ಹೇಳಹೊರಟಿರೋದು ತಮ್ಮನ ಕಥೆ, ಸರ್ ಜೆಫ್ರಿ ಕೇನ್ಸ್ ಅವರದು. ಸ್ತನವನ್ನು ಉಳಿಸಿಕೊಂಡೇ ಕ್ಯಾನ್ಸರಿಗೆ ಚಿಕಿತ್ಸೆ ಕೊಡಬಹುದು ಅಂತ ಸುಮಾರು ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ ಡಾಕ್ಟರು.

ಜೆಫ್ರಿ ಹುಟ್ಟಿದ್ದು 1887ರ ಮಾರ್ಚ್ 25ರಂದು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಪ್ಪ ಅಲ್ಲಿನ ವಿಶ್ವವಿದ್ಯಾಲಯದ ಮೇಷ್ಟ್ರು. ಅಮ್ಮ ಫ್ಲಾರೆನ್ಸ್ ಬಗ್ಗೆ ನಾವು ಹೆಂಗಸರು ತಿಳಿದುಕೊಳ್ಳಲೇಬೇಕು. ಹೆಣ್ಣುಮಕ್ಕಳಿಗಾಗಿ ಶುರುವಾಗಿದ್ದ ನ್ಯೂನ್‌ಹ್ಯಾಮ್ ಕಾಲೇಜಿನ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಮೂರು ಮಕ್ಕಳನ್ನು ಬೆಳೆಸುತ್ತಲೇ ಊರಿನ ಕೆಲಸಕ್ಕೆ ಇಳಿದವರು. 1932ರಲ್ಲಿ ಕೇಂಬ್ರಿಜ್ ನಗರದ ಮೇಯರ್ ಆದರು. ದೊಡ್ಡ ಮಗ ಅರ್ಥಶಾಸ್ತ್ರಜ್ಞ. ಮಗಳು ಮಾರ್ಗರೆಟ್ ಮದುವೆಯಾಗಿದ್ದು ನೊಬೆಲ್ ಬಹುಮಾನ ಪಡೆದ ವಿಜ್ಞಾನಿ ಎ.ವಿ. ಹಿಲ್ ಅವರನ್ನು. ಇಂಥ ಮನೆಯಲ್ಲಿ ಕಿರಿಯವನಾಗಿ ಹುಟ್ಟಿದರೆ ಹೇಗಿರುತ್ತೆ ಅಂತ ಊಹಿಸಿಕೊಳ್ಳಿ. ನಿಮ್ಮಣ್ಣನ್ನ ನೋಡಿ ಕಲಿ ಅನ್ನೋ ಮಾತು ಅಲ್ಲೂ ಇದ್ದಿರಬೇಕು, ಅದು ಎಲ್ಲಾ ಮನೆಯಲ್ಲೂ ಇರೋದೇ ಅಲ್ವಾ.

ಹುಡುಗನಿಗೆ ಎರಡು ಹುಚ್ಚು. ಒಂದು ವೈದ್ಯಕೀಯ, ಇನ್ನೊಂದು ಪುಸ್ತಕ. ಕಾಲೇಜಿನಲ್ಲಿದ್ದಾಗಲೇ ವಿಲಿಯಂ ಬ್ಲೇಕ್ ಎಂಬ ಕವಿಯ ಚಿತ್ರ, ಪದ್ಯಗಳಿಗೆ ಮನಸೋತರು. ಆ ಕಾಲದಲ್ಲಿ ಬ್ಲೇಕ್‌ಗೆ ಇವತ್ತಿನಷ್ಟು ಹೆಸರಿರಲಿಲ್ಲ. ಜೆಫ್ರಿ ಅವರು ಆ ಕವಿಯ ಒಂದೊಂದೇ ಕೃತಿಯನ್ನು ಹುಡುಕಿ, ಪಟ್ಟಿ ಮಾಡಿ, 1921ರಲ್ಲಿ ದೊಡ್ಡ ಗ್ರಂಥಸೂಚಿ ಹೊರತಂದರು. ಹಗಲು ಆಪರೇಷನ್ ಥಿಯೇಟರು, ರಾತ್ರಿ ಹಳೇ ಪುಸ್ತಕ. ಸಾಹಿತ್ಯದವರಿಗೆ ಇವರು ಬ್ಲೇಕ್ ಪಂಡಿತರು ಅಂತಲೇ ಪರಿಚಯ, ಸರ್ಜನ್ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಡಾಕ್ಟರಿಕೆ ಕಲಿತಿದ್ದು ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಆಸ್ಪತ್ರೆಯಲ್ಲಿ. ಎಲ್ಲರೂ ಬಾರ್ಟ್ಸ್ ಅಂತ ಕರೆಯುವ ಬಹಳ ಹಳೆಯ ಆಸ್ಪತ್ರೆ. 1913ರಲ್ಲಿ ಒಂದು ಘಟನೆ ನಡೆಯಿತು. ಲೇಖಕಿ ವರ್ಜೀನಿಯಾ ವುಲ್ಫ್ ಮನೋವ್ಯಾಕುಲತೆಯಿಂದ ನಿದ್ರೆಮಾತ್ರೆ ಅತಿಯಾಗಿ ನುಂಗಿಬಿಟ್ಟಿದ್ದರು. ಅದೇ ಕಟ್ಟಡದಲ್ಲಿ ಉಳಿದುಕೊಂಡಿದ್ದ ಯುವ ಡಾಕ್ಟರ್ ಜೆಫ್ರಿ, ಆಕೆಯ ಗಂಡನನ್ನು ಕೂರಿಸಿಕೊಂಡು ಕಾರಿನಲ್ಲಿ ಬಾರ್ಟ್ಸ್‌ಗೆ ಧಾವಿಸಿ, ಹೊಟ್ಟೆ ತೊಳೆಯುವ ಪಂಪು ತಂದು ಜೀವ ಉಳಿಸಿದರು. ಆಕೆಯ ದೊಡ್ಡ ಕಾದಂಬರಿಗಳೆಲ್ಲ ಬಂದಿದ್ದು ಅದಾದ ಮೇಲೆ.

ಮರುವರ್ಷವೇ ಮೊದಲ ಮಹಾಯುದ್ಧ. ಜೆಫ್ರಿ ಸೈನ್ಯದ ಡಾಕ್ಟರಾಗಿ ಫ್ರಾನ್ಸಿಗೆ ಹೋದರು. ಗಾಯಗೊಂಡ ಹುಡುಗರು ರಕ್ತ ಸೋರಿ ಸೋರಿ ಸಾಯುತ್ತಿದ್ದರು. ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡೋದು ಆಗಿನ್ನೂ ಹೊಸ ವಿದ್ಯೆ. ಜೆಫ್ರಿ ಅವರು ಸುಲಭವಾಗಿ ಹೊತ್ತೊಯ್ಯುವಂಥ ರಕ್ತ ಕೊಡುವ ಸಾಧನ ರೂಪಿಸಿದರು. 1922ರಲ್ಲಿ ರಕ್ತ ಪೂರಣದ ಬಗ್ಗೆ ಪುಸ್ತಕವನ್ನೂ ಬರೆದರು. ಯುದ್ಧದ ನಡುವೆಯೇ, 1917ರಲ್ಲಿ ಮದುವೆ. ಹುಡುಗಿ ಮಾರ್ಗರೆಟ್ ಡಾರ್ವಿನ್, ಮಂಗನಿಂದ ಮಾನವ ಅಂತ ನಾವು ಸ್ಕೂಲಲ್ಲಿ ಓದಿದ ಅದೇ ಚಾರ್ಲ್ಸ್ ಡಾರ್ವಿನ್‌ರ ಮೊಮ್ಮಗಳು! ನಾಲ್ಕು ಗಂಡುಮಕ್ಕಳಾದರು.

ಇನ್ನು ನಮ್ಮ ವಿಷಯಕ್ಕೆ ಬರೋಣ. ಯುದ್ಧ ಮುಗಿದು ಜೆಫ್ರಿ ಬಾರ್ಟ್ಸ್‌ಗೆ ವಾಪಸ್ಸಾದಾಗ ಸ್ತನ ಕ್ಯಾನ್ಸರಿಗೆ ಇದ್ದದ್ದು ಒಂದೇ ಮದ್ದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1890ರ ದಶಕದಲ್ಲಿ ರೂಢಿಗೆ ತಂದ ಆಪರೇಷನ್. ಸ್ತನ ಪೂರ್ತಿ, ಅದರ ಕೆಳಗಿನ ಎದೆಯ ಮಾಂಸಖಂಡಗಳು ಪೂರ್ತಿ, ಕಂಕುಳಿನ ಗ್ರಂಥಿಗಳು ಪೂರ್ತಿ, ಎಲ್ಲವನ್ನೂ ಒಂದೇ ಮುದ್ದೆಯಾಗಿ ತೆಗೆಯೋದು. ಹೆಂಗಸಿಗೆ ಉಳಿಯುತ್ತಿದ್ದುದು ಚರ್ಮ ಅಂಟಿದ ಪಕ್ಕೆಲುಬು. ಭುಜ ಒಳಕ್ಕೆ ಬಾಗುತ್ತಿತ್ತು. ಎಷ್ಟೋ ಜನರ ತೋಳು ಊದಿಕೊಂಡು ಕೊಡ ಎತ್ತಲಾಗದೆ, ರವಿಕೆ ತೊಡಲಾಗದೆ ಒದ್ದಾಡುತ್ತಿದ್ದರು.

ಹಾಲ್‌ಸ್ಟೆಡ್ ಕ್ರೂರಿ ಏನಲ್ಲ. ಅವರ ಲೆಕ್ಕ ಇದ್ದದ್ದು ಹೀಗೆ. ಕ್ಯಾನ್ಸರ್ ಅನ್ನೋದು ಬಟ್ಟೆಗೆ ಬಿದ್ದ ಎಣ್ಣೆಯ ಕಲೆ ಇದ್ದಂತೆ, ಬಿದ್ದ ಜಾಗದಿಂದ ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಹರಡುತ್ತೆ. ಕಲೆಗಿಂತ ಬಹಳ ಆಚೆಗೆ ಕತ್ತರಿ ಹಾಕಿದರೆ ಪೂರ್ತಿ ಹೋಗುತ್ತೆ. ಮತ್ತೆ ಬಂತಾ, ಹಾಗಾದರೆ ಕತ್ತರಿ ಸಾಲಲಿಲ್ಲ, ಮುಂದಿನ ಸಲ ಇನ್ನೂ ಆಚೆಗೆ ಹಾಕೋಣ. ನಮ್ಮ ದೊಡ್ಡಮ್ಮನ ವಾದವೂ ಇದೇ ತಾನೆ? ಕೇಳೋಕೆ ಎಷ್ಟು ಸರಿ ಅನ್ನಿಸುತ್ತೆ! ಅದಕ್ಕೇ ಆ ಆಪರೇಷನ್ನು ಮುಕ್ಕಾಲು ಶತಮಾನ ಪ್ರಪಂಚವನ್ನು ಆಳಿತು.

ಜೆಫ್ರಿ ಅವರೂ ಆ ಆಪರೇಷನ್ ಮಾಡಲು ಕಲಿತವರೇ. ಆದರೆ ಮಾಡುವಾಗೆಲ್ಲ ಅವರಿಗೆ ಅಸಹ್ಯವಾಗುತ್ತಿತ್ತು. ಹೆಂಗಸಿನ ಮೈಯನ್ನು ಇಷ್ಟು ವಿರೂಪಗೊಳಿಸಿದ ಮೇಲೂ ಎಷ್ಟೋ ಜನಕ್ಕೆ ಬೇರೆ ಕಡೆ ಕಾಯಿಲೆ ಮರುಕಳಿಸುತ್ತಿತ್ತು. ಬೆನ್ನುಮೂಳೆಯಲ್ಲೋ ಲಿವರಿನಲ್ಲೋ ಕಾಣಿಸಿಕೊಂಡ ಕ್ಯಾನ್ಸರಿಗೆ ಎದೆಯ ಮಾಂಸ ಕತ್ತರಿಸಿ ಏನು ಪ್ರಯೋಜನ? ಅವರ ಯೋಚನೆ ಹೀಗೆ ಹೋಯಿತು. ಕಾಯಿಲೆ ಆಗಲೇ ದೂರ ಹೋಗಿದ್ದರೆ ಎಷ್ಟು ಕತ್ತರಿಸಿದರೂ ದಂಡ. ಹೋಗಿಲ್ಲದಿದ್ದರೆ ಅಷ್ಟೊಂದು ಕತ್ತರಿಸುವ ಅಗತ್ಯವೇ ಇಲ್ಲ.

ಆಗ ಕೈಗೆ ಸಿಕ್ಕಿದ್ದು ರೇಡಿಯಂ. ಮೇರಿ ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ಲೋಹ. ಬಾರ್ಟ್ಸ್‌ನ ಪ್ರೊಫೆಸರ್ ಜಾರ್ಜ್ ಗಾಸ್ಕ್ ಇದನ್ನು ಸ್ತನ ಕ್ಯಾನ್ಸರಿಗೆ ಪ್ರಯತ್ನಿಸಿ ನೋಡು ಅಂತ ತಮ್ಮ ವಿಭಾಗದ ಜೆಫ್ರಿಗೆ ಸೂಚಿಸಿದರು. ಮೊದಮೊದಲು ಆಪರೇಷನ್ ಸಾಧ್ಯವೇ ಇಲ್ಲ ಅಂತ ಕೈಬಿಟ್ಟವರಿಗೆ ಕೊಟ್ಟು ನೋಡಿದರು. ಹುಣ್ಣಾಗಿ ಒಡೆದಿದ್ದ ಗಡ್ಡೆಗಳು ಕುಗ್ಗಿದವು, ವಾಸಿಯಾಗುತ್ತಾ ಬಂದವು. ಧೈರ್ಯ ಬಂತು. 1924ರಿಂದ ಮುಂದೆ, ಆಪರೇಷನ್ ಮಾಡಬಹುದಾದವರಿಗೂ ದೊಡ್ಡ ಆಪರೇಷನ್ನಿನ ಬದಲು ಇದನ್ನೇ ಕೊಡತೊಡಗಿದರು.

ಹೇಗೆ ಅಂತೀರಾ? ರೇಡಿಯಂ ತುಂಬಿದ ಸಣ್ಣ ಸಣ್ಣ ಸೂಜಿಗಳು. ಸ್ತನದ ಒಳಗೆ, ಸುತ್ತಲೂ, ಕಂಕುಳಲ್ಲಿ, ಕೊರಳೆಲುಬಿನ ಮೇಲೆ, ಪಕ್ಕೆಲುಬುಗಳ ಸಂದಿನಲ್ಲಿ, ಕಾಯಿಲೆ ಎಲ್ಲೆಲ್ಲಿಗೆ ಹರಡಬಹುದೋ ಅಲ್ಲೆಲ್ಲಾ ಚುಚ್ಚಿಡೋದು. ಒಂದು ವಾರಕ್ಕೂ ಹೆಚ್ಚು ದಿನ ಅವು ಮೈಯಲ್ಲೇ ಇರುತ್ತಿದ್ದವು. ಆಮೇಲೆ ತೆಗೆಯುತ್ತಿದ್ದರು. ಗಂಟು ಕೈಗೆ ಸಿಗುವಷ್ಟಿದ್ದರೆ ಗಂಟನ್ನು ಮಾತ್ರ ತೆಗೆದು ಉಳಿದದ್ದಕ್ಕೆ ರೇಡಿಯಂ. ಸುಖದ ಚಿಕಿತ್ಸೆ ಏನಲ್ಲ, ನೋವಿತ್ತು, ಚರ್ಮ ಸುಡುತ್ತಿತ್ತು. ಆದರೆ ಹೆಂಗಸು ಮನೆಗೆ ಹೋಗುವಾಗ ಎರಡೂ ಸ್ತನ ಇಟ್ಟುಕೊಂಡು, ಎರಡೂ ಕೈ ಮೇಲೆತ್ತುತ್ತಾ ಹೋಗುತ್ತಿದ್ದಳು.

ಇವತ್ತು ನಮ್ಮ ಕಡೆ ಜನ ಕರೆಂಟು ಕೊಡಿಸೋದು ಅಂತಾರಲ್ಲ, ಆ ರೇಡಿಯೇಷನ್ ಚಿಕಿತ್ಸೆಯ ಅಜ್ಜಿ ಇದು.

ಹತ್ತಾರು ವರ್ಷ ಒಬ್ಬೊಬ್ಬ ರೋಗಿಯ ಲೆಕ್ಕವನ್ನೂ ಜೆಫ್ರಿ ಇಟ್ಟರು. ಬ್ಲೇಕ್ ಪುಸ್ತಕಗಳ ಪಟ್ಟಿ ಮಾಡಿದ ಕೈ ಅಲ್ವೇ! 1937ರ ಹೊತ್ತಿಗೆ ಲೆಕ್ಕ ಹಾಕಿ ನೋಡಿದರೆ ಐದು ವರ್ಷ ಬದುಕಿ ಉಳಿದವರ ಪ್ರಮಾಣ, ದೊಡ್ಡ ಆಪರೇಷನ್ ಮಾಡಿಸಿಕೊಂಡವರ ಸರಿಸಮಕ್ಕೆ ಬಂತು. ಅದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು, ಅಮೆರಿಕದ ಸರ್ಜನ್ನರ ಮುಂದೂ ಇಟ್ಟರು.

ಯಾರೂ ಕಿವಿಗೊಡಲಿಲ್ಲ. ದೊಡ್ಡ ಸರ್ಜನ್ ಅಂದರೆ ದೊಡ್ಡದಾಗಿ ಕತ್ತರಿಸುವವನು ಅನ್ನೋ ಕಾಲ. ಇವರ ಪದ್ಧತಿಗೆ ಲಂಪೆಕ್ಟಮಿ ಅಂತ ಅಣಕದ ಹೆಸರಿಟ್ಟರು ಅಂತಾರೆ. ಗಂಟು ಕೀಳೋದು ಅಂತ ಅರ್ಥ. ಆ ಅಣಕದ ಹೆಸರೇ ಇವತ್ತು ಪ್ರಪಂಚದ ಎಲ್ಲಾ ಆಸ್ಪತ್ರೆಗಳ ಕಾಗದದಲ್ಲೂ ಇದೆ, ಚಿಕ್ಕಮ್ಮನ ಡಿಸ್ಚಾರ್ಜ್ ಸಮ್ಮರಿಯಲ್ಲೂ ಇತ್ತು!

ಒಂದು ಮಾತು ನ್ಯಾಯವಾಗಿ ಹೇಳಬೇಕು. ಜೆಫ್ರಿ ಅವರ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿ ಹಂಚಿ, ಎರಡು ಗುಂಪನ್ನು ಅಕ್ಕಪಕ್ಕ ಇಟ್ಟು ನೋಡುವ ಪದ್ಧತಿ ವೈದ್ಯಕೀಯದಲ್ಲಿ ಆಗಿನ್ನೂ ಬಂದಿರಲಿಲ್ಲ. ಒಪ್ಪದವರಿಗೆ ಒಪ್ಪದಿರಲು ದಾರಿ ಇತ್ತು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ಲಂಡನ್ ಮೇಲೆ ಬಾಂಬು ಬಿದ್ದು ರೇಡಿಯಂ ಚೆಲ್ಲಾಪಿಲ್ಲಿಯಾದರೆ ಗತಿ ಏನು ಅಂತ ಅದನ್ನೆಲ್ಲ ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಜೆಫ್ರಿ ವಾಯುಸೇನೆಯ ಸರ್ಜನ್ ಆಗಿ ಹೋದರು. ಕೈಹಿಡಿದ ಕೆಲಸ ಅರ್ಧಕ್ಕೇ ನಿಂತಿತು.

ಅವರು ಸುಮ್ಮನೆ ಕೂರುವವರಲ್ಲ ಬಿಡಿ. ಮೈಯಸ್ತೇನಿಯಾ ಎಂಬ, ಕಣ್ಣುರೆಪ್ಪೆ ಎತ್ತಲೂ ಆಗದಷ್ಟು ಸುಸ್ತು ಮಾಡುವ ಕಾಯಿಲೆಗೆ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆಯುವ ಆಪರೇಷನ್ನನ್ನು ಇಂಗ್ಲೆಂಡಿನಲ್ಲಿ ಮುಂದಕ್ಕೆ ತಂದವರೂ ಅವರೇ. 1955ರಲ್ಲಿ ಸರ್ ಪದವಿ ಬಂತು. ಸ್ತನದ ವಿಷಯ ಮಾತ್ರ ಬಹಳ ಕಾಲ ಹಾಗೇ ಉಳಿಯಿತು. ಅಮೆರಿಕದಲ್ಲಿ ಜಾರ್ಜ್ ಕ್ರೈಲ್ ಜೂನಿಯರ್ ಅಂಥ ಒಬ್ಬಿಬ್ಬರು 1950ರ ದಶಕದಲ್ಲಿ ದೊಡ್ಡ ಆಪರೇಷನ್ ಬಿಟ್ಟು ಬೈಗುಳ ತಿಂದರು. 1960ರ ದಶಕದಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ನಡೆಯಿತು. ಅದರಲ್ಲಿ ಸ್ತನ ಉಳಿಸಿಕೊಂಡವರಲ್ಲಿ, ಕಂಕುಳಿಗೂ ಗಂಟು ಹರಡಿದ್ದವರ ಫಲಿತಾಂಶ ಚೆನ್ನಾಗಿ ಬರಲಿಲ್ಲ. ಕೊಟ್ಟ ರೇಡಿಯೇಷನ್ ಇವತ್ತಿನ ಲೆಕ್ಕಕ್ಕೆ ತೀರಾ ಕಡಿಮೆ ಇತ್ತು ಅನ್ನೋದು ಆಮೇಲಿನ ಮಾತು. ಆಗ ಮಾತ್ರ ವಿರೋಧಿಗಳಿಗೆ ನೋಡಿದ್ರಾ ಅನ್ನೋಕೆ ಒಂದು ನೆಪ ಸಿಕ್ಕಿತು.

ಕೊನೆಗೆ ತೀರ್ಮಾನ ಮಾಡಿದ್ದು ಎರಡು ದೊಡ್ಡ ಪರೀಕ್ಷೆಗಳು. ಇಟಲಿಯ ಮಿಲಾನ್‌ನಲ್ಲಿ ಉಂಬೆರ್ತೊ ವೆರೊನೇಸಿ 1973ರಿಂದ 1980ರವರೆಗೆ 701 ಹೆಂಗಸರನ್ನು ಎರಡು ಗುಂಪು ಮಾಡಿದರು. ಅರ್ಧ ಜನಕ್ಕೆ ಹಾಲ್‌ಸ್ಟೆಡ್ ಆಪರೇಷನ್, ಇನ್ನರ್ಧಕ್ಕೆ ಸ್ತನದ ಕಾಲು ಭಾಗ ಮಾತ್ರ ತೆಗೆದು ಜೊತೆಗೆ ರೇಡಿಯೇಷನ್. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಿಂದ 1851 ಹೆಂಗಸರನ್ನು ಮೂರು ಗುಂಪು ಮಾಡಿದರು. ಪೂರ್ತಿ ಸ್ತನ ತೆಗೆಯೋದು, ಗಂಟು ಮಾತ್ರ ತೆಗೆಯೋದು, ಗಂಟು ತೆಗೆದು ರೇಡಿಯೇಷನ್ ಕೊಡೋದು. ಇಪ್ಪತ್ತು ವರ್ಷ ಬೆನ್ನುಬಿಡದೆ ನೋಡಿದ ಫಲಿತಾಂಶ 2002ರಲ್ಲಿ ಹೊರಬಂತು. ಬದುಕಿ ಉಳಿದವರ ಸಂಖ್ಯೆಯಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ. ಪೂರ್ತಿ ತೆಗೆಸಿಕೊಂಡವರು ಹೆಚ್ಚು ದಿನ ಬದುಕಲಿಲ್ಲ, ಉಳಿಸಿಕೊಂಡವರು ಬೇಗ ಹೋಗಲಿಲ್ಲ. ಆದರೆ ಒಂದು ವ್ಯತ್ಯಾಸ ಎದ್ದು ಕಂಡಿತು. ಗಂಟು ಮಾತ್ರ ತೆಗೆಸಿಕೊಂಡು ರೇಡಿಯೇಷನ್ ಇಲ್ಲದೇ ಇದ್ದವರಲ್ಲಿ ನೂರಕ್ಕೆ 39 ಜನರಿಗೆ ಅದೇ ಸ್ತನದಲ್ಲಿ ಮತ್ತೆ ಬಂತು. ರೇಡಿಯೇಷನ್ ಪಡೆದವರಲ್ಲಿ ನೂರಕ್ಕೆ 14 ಜನರಿಗೆ ಮಾತ್ರ. ಗಂಟು ತೆಗೆದ ಮೇಲೆ ಕರೆಂಟು ಯಾಕೆ, ಗಾಯ ಒಣಗಿದೆಯಲ್ಲ ಅಂತ ತಪ್ಪಿಸಿಕೊಳ್ಳುವವರು ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ.

ಈಗ ಮಾರ್ಜಿನ್ ವಿಷಯ. ಇದು ಅಡುಗೆಮನೆಯಲ್ಲಿ ನಾವು ದಿನಾ ಮಾಡುವ ಕೆಲಸವೇ. ಆಲೂಗಡ್ಡೆಯಲ್ಲಿ ಹುಳುಕು ಕಂಡರೆ ಕಪ್ಪಾಗಿರುವಷ್ಟನ್ನೇ ಕೆತ್ತುತ್ತೀವಾ? ಸುತ್ತ ಸ್ವಲ್ಪ ಒಳ್ಳೇದನ್ನೂ ಸೇರಿಸಿ ಕೆತ್ತಿ ಎಸೀತೀವಿ. ಆ ಸೇರಿಸಿ ಕೆತ್ತಿದ ಒಳ್ಳೇ ಭಾಗವೇ ಮಾರ್ಜಿನ್. ನಮ್ಮೂರ ಭಾಷೆಯಲ್ಲಿ ಹೇಳಬೇಕಂದರೆ ಸೀರೆಯ ಅಂಚು. ಒಡಲು ಕ್ಯಾನ್ಸರ್, ಅಂಚು ಆರೋಗ್ಯವಾದ ಭಾಗ. ಸುತ್ತಲೂ ಅಂಚು ಕಡಿಯದೆ ಇರಬೇಕು.

ಅದು ಹೇಗೆ ಗೊತ್ತಾಗುತ್ತೆ? ಸರ್ಜನ್ ತೆಗೆದ ತುಂಡಿಗೆ ದಾರ ಕಟ್ಟಿ ಕಳಿಸುತ್ತಾರೆ, ಗಿಡ್ಡ ದಾರ ಒಂದು ಕಡೆ, ಉದ್ದ ದಾರ ಇನ್ನೊಂದು ಕಡೆ. ಮೇಲ್ಭಾಗ ಯಾವುದು, ಪಕ್ಕ ಯಾವುದು ಅಂತ ಲ್ಯಾಬಿನವರಿಗೆ ಗೊತ್ತಾಗಲಿ ಅಂತ. ಲ್ಯಾಬಿನಲ್ಲಿ ಪೆಥಾಲಜಿಸ್ಟ್ ಆ ತುಂಡಿನ ಹೊರಮೈಗೆಲ್ಲ ಬಣ್ಣದ ಇಂಕು ಬಳಿಯುತ್ತಾರೆ. ಎಷ್ಟೋ ಕಡೆ ಒಂದೊಂದು ಮಗ್ಗುಲಿಗೆ ಒಂದೊಂದು ಬಣ್ಣ. ಈ ಮಾತು ಕೇಳಿ ಚಿಕ್ಕಮ್ಮನಿಗೆ ಮೊದಲ ಸಲ ನಗು ಬಂತು, ನಮ್ಮ ಡೈಯಿಂಗ್ ಅಂಗಡಿ ಥರಾನೇ ಆಯ್ತಲ್ಲ ಅಂತ. ಆಮೇಲೆ ಅದನ್ನು ತೆಳ್ಳಗೆ ಹೆಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕ್ಯಾನ್ಸರ್ ಕಣ ಇಂಕಿಗೆ ತಾಗಿದೆ ಅಂದರೆ ಕತ್ತರಿ ಹೋದ ಗೆರೆಯ ಮೇಲೇ ಕಾಯಿಲೆ ಇತ್ತು, ಆಚೆ ಪಕ್ಕ, ಅಂದರೆ ಎದೆಯಲ್ಲಿ ಉಳಿದ ಭಾಗದಲ್ಲೂ ಇರಬಹುದು ಅಂತ ಅರ್ಥ. ಅದೇ ಮಾರ್ಜಿನ್ ಪಾಸಿಟಿವ್. ಪಾಸಿಟಿವ್ ಅನ್ನೋ ಪದ ನೋಡಿ ಒಳ್ಳೇದು ಅಂದುಕೊಂಡವರೂ ನಮ್ಮನೆಯಲ್ಲಿ ಇದ್ದರು! ತಾಗಿಲ್ಲ ಅಂದರೆ ನೆಗೆಟಿವ್, ಅದು ಸಮಾಧಾನದ ಸುದ್ದಿ.

ಅಂಚು ಎಷ್ಟು ಅಗಲ ಇರಬೇಕು ಅಂತ ಡಾಕ್ಟರುಗಳು ದಶಕಗಟ್ಟಲೆ ಜಗಳ ಆಡಿದ್ದಾರೆ. ಹಾಲ್‌ಸ್ಟೆಡ್‌ಗೆ ಇಡೀ ಎದೆಯೇ ಬೇಕಿತ್ತು. ವೆರೊನೇಸಿಗೆ ಸ್ತನದ ಕಾಲು ಭಾಗ. ಫಿಶರ್ ಅವರ ಪರೀಕ್ಷೆಯಲ್ಲಿ ಇಂಕಿಗೆ ತಾಗದಿದ್ದರೆ ಸಾಕು ಎಂಬ ನಿಯಮವಿತ್ತು. ನಡುವೆ ಒಬ್ಬರು 2 ಮಿಲಿಮೀಟರ್, ಇನ್ನೊಬ್ಬರು 5, ಮತ್ತೊಬ್ಬರು 1 ಸೆಂಟಿಮೀಟರ್ ಅನ್ನುತ್ತಿದ್ದರು. 2014ರಲ್ಲಿ ಅಮೆರಿಕದ ಸರ್ಜನ್ನರ ಮತ್ತು ರೇಡಿಯೇಷನ್ ತಜ್ಞರ ಸಂಘಗಳು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿ ಒಂದು ಮಾತಿಗೆ ಬಂದವು. ಹಬ್ಬುವ ಸ್ವಭಾವದ ಕ್ಯಾನ್ಸರಿಗೆ, ಆಮೇಲೆ ಪೂರ್ತಿ ಸ್ತನಕ್ಕೆ ರೇಡಿಯೇಷನ್ ಕೊಡುವುದಿದ್ದರೆ, ಇಂಕಿಗೆ ತಾಗದಿದ್ದರೆ ಸಾಕು. ಅಂಚು ಅದಕ್ಕಿಂತ ಅಗಲ ಆದಷ್ಟೂ ಹೆಚ್ಚು ಲಾಭ ಅನ್ನೋದಕ್ಕೆ ಆಧಾರ ಇಲ್ಲ. ಆದರೆ ತಾಗಿದ್ದರೆ ಮಾತ್ರ ಅದೇ ಸ್ತನದಲ್ಲಿ ಮರುಕಳಿಸುವ ಸಾಧ್ಯತೆ ಕಡಿಮೆ ಅಂದರೂ ಎರಡರಷ್ಟು. ಹಾಲಿನ ನಾಳದೊಳಗೇ ಇರುವ, ಹೊರಗೆ ಹಬ್ಬದ ಡಿಸಿಐಎಸ್ ಅನ್ನೋ ಬಗೆಗೆ 2016ರಲ್ಲಿ 2 ಮಿಲಿಮೀಟರ್ ಅಂತ ಬೇರೆ ಲೆಕ್ಕ ಕೊಟ್ಟರು. ಅದು ನಾಳದ ಉದ್ದಕ್ಕೂ ಬಿಟ್ಟು ಬಿಟ್ಟು ಇರೋದರಿಂದ ಸ್ವಲ್ಪ ಹೆಚ್ಚು ಅಂಚು ಬೇಕು.

ಎರಡನೇ ಆಪರೇಷನ್ ಅಂದ ಕೂಡಲೇ ಡಾಕ್ಟರು ತಪ್ಪು ಮಾಡಿದರು ಅಂತ ನಾವು ತೀರ್ಮಾನಿಸಿಬಿಡುತ್ತೇವೆ. ಆಪರೇಷನ್ ಮಾಡುವಾಗ ಕಣ್ಣಿಗೆ, ಕೈಗೆ ಸಿಗೋದು ಗಂಟು ಮಾತ್ರ, ಅದರಿಂದ ಹೊರಗೆ ಎಳೆಎಳೆಯಾಗಿ ಹೋದ ಕಣಗಳು ಸಿಗೋದಿಲ್ಲ. ಇಂಗ್ಲೆಂಡಿನಲ್ಲಿ 2005ರಿಂದ 2008ರವರೆಗೆ ಸ್ತನ ಉಳಿಸಿಕೊಳ್ಳುವ ಆಪರೇಷನ್ ಮಾಡಿಸಿಕೊಂಡ 55 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ತೆಗೆದಾಗ, ಐವರಲ್ಲಿ ಒಬ್ಬರಿಗೆ ಮತ್ತೆ ಆಪರೇಷನ್ ಬೇಕಾಗಿತ್ತು. ಅಷ್ಟು ಮುಂದುವರಿದ ದೇಶದಲ್ಲೇ! ಕೆಲವು ಕಡೆ ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಲ್ಯಾಬಿಗೆ ಕಳಿಸಿ, ಹೆಪ್ಪುಗಟ್ಟಿಸಿ ಬೇಗ ನೋಡಿ ಹೇಳುವ ವ್ಯವಸ್ಥೆ ಇದೆ. ಆಪರೇಷನ್ನಿಗೆ ಮುಂಚೆ ಇದನ್ನು ಡಾಕ್ಟರ ಹತ್ತಿರ ಕೇಳಿ, ನಾಚಿಕೆ ಬೇಡ. ರಿಪೋರ್ಟು ಬಂದ ದಿನ ಗಂಟಿನ ಅಳತೆ ಕೇಳಿದ ಹಾಗೇ ಮಾರ್ಜಿನ್ ಏನಾಯಿತು, ಯಾವ ಕಡೆ ಹತ್ತಿರ ಇದೆ ಅಂತಲೂ ಕೇಳಿ. ನಮಗಂತೂ ಆ ರಿಪೋರ್ಟು ಬರೋಕೆ ಹೇಳಿದ್ದಕ್ಕಿಂತ ಒಂದು ವಾರ ತಡವಾಯಿತು, ಫೋನ್ ಮಾಡಿ ಮಾಡಿ ಸಾಕಾಯಿತು. ಆ ಸಿಟ್ಟು ನನಗಿನ್ನೂ ಹೋಗಿಲ್ಲ.

ಎಲ್ಲರಿಗೂ ಸ್ತನ ಉಳಿಸಿಕೊಳ್ಳುವುದು ಆಗೋದಿಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಒಂದೇ ಸ್ತನದಲ್ಲಿ ಬೇರೆ ಬೇರೆ ಕಡೆ ಗಂಟುಗಳಿದ್ದರೆ, ಸ್ತನದ ಗಾತ್ರಕ್ಕೆ ಗಂಟು ತೀರಾ ದೊಡ್ಡದಾಗಿದ್ದರೆ, ಬಸುರಿಯಾದ ಮೊದಲ ತಿಂಗಳುಗಳಲ್ಲಿ, ಎದೆಗೆ ಮೊದಲೇ ರೇಡಿಯೇಷನ್ ಆಗಿದ್ದರೆ, ಮತ್ತೆ ಮತ್ತೆ ತೆಗೆದರೂ ಅಂಚು ಶುದ್ಧ ಬಾರದಿದ್ದರೆ, ಪೂರ್ತಿ ತೆಗೆಯೋದೇ ಸರಿ. ದೊಡ್ಡ ಗಂಟನ್ನು ಮೊದಲು ಕೀಮೋ ಕೊಟ್ಟು ಕುಗ್ಗಿಸಿ ಆಮೇಲೆ ಉಳಿಸಿಕೊಳ್ಳುವ ಆಪರೇಷನ್ ಮಾಡುವುದೂ ಇದೆ. ಪೂರ್ತಿ ತೆಗೆಸಿಕೊಂಡ ಅಕ್ಕತಂಗಿಯರು ಇದನ್ನು ಓದಿ ಅಯ್ಯೋ ಅಂತ ಕೊರಗಬೇಡಿ. ಬದುಕುವ ಲೆಕ್ಕದಲ್ಲಿ ಎರಡೂ ಒಂದೇ ಅಂತ ಮೇಲೇ ಹೇಳಿದೆನಲ್ಲ. ಇಂದಿನ ಮಾಸ್ಟೆಕ್ಟಮಿಯೂ ಹಾಲ್‌ಸ್ಟೆಡ್ ಕಾಲದ್ದಲ್ಲ, ಎದೆಯ ಮಾಂಸಖಂಡ ಉಳಿಸುತ್ತಾರೆ.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ರೇಡಿಯೇಷನ್ನಿಗೆ ದಿನಾ ಹೋಗಬೇಕು. ಹಿಂದೆ ಐದಾರು ವಾರ ಆಗುತ್ತಿತ್ತು, ಈಗ ಬಹಳ ಜನಕ್ಕೆ ಮೂರು ವಾರಕ್ಕೆ ಮುಗಿಸುತ್ತಾರೆ. ದೊಡ್ಡಬಳ್ಳಾಪುರದಿಂದ ಬೆಂಗಳೂರು ಸುಮಾರು ನಲವತ್ತು ಕಿಲೋಮೀಟರ್. ಕಿದ್ವಾಯಿ ಆಸ್ಪತ್ರೆ ಇರೋದು ಊರಿನ ಆಚೆ ತುದಿಗೆ, ನಿಮ್ಹಾನ್ಸ್ ಪಕ್ಕ. ಎರಡು ಬಸ್ಸು ಬದಲಾಯಿಸಿ, ಸರದಿಯಲ್ಲಿ ಕೂತು, ಸಂಜೆ ಮನೆಗೆ ಬಂದು ಅಡುಗೆ ಮಾಡೋ ಹೆಂಗಸು ಮೂರು ವಾರ ಹೇಗೆ ಓಡಾಡುತ್ತಾಳೆ? ಇದೊಂದೇ ಕಾರಣಕ್ಕೆ ಪೂರ್ತಿ ತೆಗೆದುಬಿಡಿ ಅನ್ನೋರಿದ್ದಾರೆ. ಪೂರ್ತಿ ತೆಗೆದರೂ ಕಂಕುಳಿಗೆ ಹರಡಿದ್ದರೆ ರೇಡಿಯೇಷನ್ ಬೇಕಾಗಬಹುದು ಅನ್ನೋದು ಅವರಿಗೆ ಗೊತ್ತಿರೋದಿಲ್ಲ. ಮೊದಲೇ ಡಾಕ್ಟರನ್ನು ಕೇಳಿ, ಉಳಿಯೋಕೆ ನೆಂಟರ ಮನೆಯೋ ಧರ್ಮಶಾಲೆಯೋ ನೋಡಿಕೊಂಡು ಆಮೇಲೆ ನಿರ್ಧಾರ ಮಾಡಿ.

ಬೆಂಗಳೂರಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬಂದಿದ್ದು 1973ರಲ್ಲಿ, ಅತ್ತ ಮಿಲಾನ್‌ನಲ್ಲಿ ಪರೀಕ್ಷೆ ಶುರುವಾದ ವರ್ಷವೇ. ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕ 1982ರಿಂದ ಅಲ್ಲೇ ಇಡುತ್ತಾ ಬಂದಿದ್ದಾರೆ. ಒಂದು ಕಾಲಕ್ಕೆ ನಮ್ಮ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿತ್ತು, ಈಗ ಸ್ತನದ್ದು ಮೊದಲಾಗಿದೆ. ಬೇಸರದ ಸಂಗತಿ ಏನೆಂದರೆ ನಮ್ಮಲ್ಲಿ ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲು ಹತ್ತುವ ಹೊತ್ತಿಗೆ ಗಂಟು ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಆಗಿರುತ್ತೆ. ನೋವಿಲ್ಲ ಅಂತ ಸುಮ್ಮನಿರೋದು, ಮಗಳ ಮದುವೆ ಆಗಲಿ ಅಂತ ಮುಂದೂಡೋದು. ಅಡಿಕೆಯಷ್ಟಿರುವಾಗ ಹೋದರೆ ತಾನೇ ಉಳಿಸಿಕೊಳ್ಳುವ ಮಾತು?

ಜೆಫ್ರಿ ಕೇನ್ಸ್ ಅವರಿಗೆ ಭಗವಂತ ದೀರ್ಘಾಯುಷ್ಯ ಕೊಟ್ಟಿದ್ದ. ಅಣ್ಣ ಮೇನಾರ್ಡ್ 1946ರಲ್ಲೇ ತೀರಿಕೊಂಡರು, ತಮ್ಮ ಅದಾದ ಮೇಲೆ ಮೂವತ್ತಾರು ವರ್ಷ ಬದುಕಿದರು. ನಿವೃತ್ತರಾಗಿ ಕೇಂಬ್ರಿಜ್ ಹತ್ತಿರದ ಹಳ್ಳಿಯಲ್ಲಿ ಪುಸ್ತಕಗಳ ನಡುವೆ ಇದ್ದರು. 1981ರಲ್ಲಿ ಆತ್ಮಕಥೆ ಪ್ರಕಟವಾಯಿತು. ಆಗ ಅವರಿಗೆ 94 ವರ್ಷ. ಅದೇ ವರ್ಷ ಜುಲೈನಲ್ಲಿ ಮಿಲಾನ್ ಪರೀಕ್ಷೆಯ ಮೊದಲ ಫಲಿತಾಂಶ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸ್ತನ ಉಳಿಸಿಕೊಂಡವರೂ ಅಷ್ಟೇ ಚೆನ್ನಾಗಿದ್ದಾರೆ ಅಂತ. ಐವತ್ತೇಳು ವರ್ಷದ ಹಿಂದೆ ಬಾರ್ಟ್ಸ್‌ನಲ್ಲಿ ಸೂಜಿ ಚುಚ್ಚಲು ಶುರುಮಾಡಿದವರ ಜೀವಮಾನದಲ್ಲೇ ಉತ್ತರ ಸಿಕ್ಕಿತು. 1982ರ ಜುಲೈ 5ರಂದು, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇನ್ನು ನಮ್ಮ ಚಿಕ್ಕಮ್ಮ. ಪಂಚಾಯ್ತಿ ನಾಲ್ಕು ದಿನ ನಡೆಯಿತು. ಐದನೇ ದಿನ ಬೆಳಗ್ಗೆ ಕಾಫಿ ಕೊಡುತ್ತಾ, ನಾನು ಇನ್ನೊಂದು ಸಲ ಅಂಚೇ ತೆಗೆಸಿಕೊಳ್ಳುತ್ತೀನಿ, ಅದೂ ಸರಿಬಾರದಿದ್ದರೆ ಪೂರ್ತಿ ಅಂತ ಚಿಕ್ಕಪ್ಪನಿಗೆ ಹೇಳಿದರಂತೆ. ಯಾರನ್ನೂ ಕೇಳಲಿಲ್ಲ. ಎರಡನೇ ಆಪರೇಷನ್ ಸಣ್ಣದು, ಮರುದಿನವೇ ಮನೆಗೆ ಕಳಿಸಿದರು. ಈ ಸಲ ರಿಪೋರ್ಟಿನಲ್ಲಿ ಇಂಕಿನ ಹತ್ತಿರ ಎಲ್ಲೂ ಕಾಯಿಲೆ ಇರಲಿಲ್ಲ. ರೇಡಿಯೇಷನ್ನಿನ ಮೂರು ವಾರ ಬೆಂಗಳೂರಿನ ನಾದಿನಿ ಮನೆಯಲ್ಲಿ ಉಳಿದರು. ಸೂಜಿ, ರೇಷ್ಮೆ ದಾರದ ಡಬ್ಬಿಯನ್ನೂ ಒಯ್ದಿದ್ದರು. ಸರದಿಯಲ್ಲಿ ಕೂತು ಆರು ಸೀರೆಗೆ ಕುಚ್ಚು ಹಾಕಿ ಮುಗಿಸಿಕೊಂಡು ಬಂದರು.